ಮಾರಾಟದ ಮನೆಯ ಫೋಟೊ ಚೆನ್ನಾಗಿ ಬರುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕಲಬುರಗಿಯಲ್ಲಿ ಮನೆ ಮಾರುವವರಿಂದ ಜಾಸ್ತಿ ಕೇಳುವ ಮಾತು ಒಂದೇ. "ಮನೆ ಛಲೋ ಅದ, ಫೋಟೊದಾಗ ಮಾತ್ರ ಕತ್ತಲಿ ಕಾಣ್ತದ." ಸೇಡಂ ರಸ್ತೆಯ ಹೊಸ ಮನೆಯಾಗಲಿ, ಬ್ರಹ್ಮಪುರದ ಹಳೇ ಮನೆಯಾಗಲಿ, ದೂರು ಬದಲಾಗುವುದಿಲ್ಲ. ಅದಕ್ಕೆ ಸಿಗುವ ಸಲಹೆಯೂ ಬದಲಾಗುವುದಿಲ್ಲ: ಒಳ್ಳೆಯ ಫೋನ್ ತಗೊಳ್ಳಿ. ಹೊಸ ಫೋನ್ ಬರುತ್ತದೆ, ಕತ್ತಲೆ ಅಲ್ಲೇ ಇರುತ್ತದೆ.

ಏಕೆಂದರೆ ತಪ್ಪು ಫೋನಿನದ್ದಾಗಿರುವುದು ತೀರಾ ಅಪರೂಪ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ನೀವು ಎಲ್ಲಿ ನಿಂತಿದ್ದೀರಿ, ಆಮೇಲೆ ಫೋಟೊವನ್ನು ಹೇಗೆ ಕಳಿಸಿದಿರಿ ಎಂಬಲ್ಲೇ ಹೆಚ್ಚಿನ ದೋಷ ಇರುತ್ತದೆ. ಕಾರಣ ತಿಳಿಯದೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ. ಹಾಗಾಗಿ ಈ ಬರಹದಲ್ಲಿ ಮೊದಲು ಲಕ್ಷಣ, ಆಮೇಲೆ ಪರೀಕ್ಷೆ, ಕೊನೆಗೆ ಪರಿಹಾರ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಇದರ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಎಂದು ಕೇಳುವವರಿದ್ದಾರೆ. ಬೇಕು. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೆಲಸಕ್ಕಿರುವ ಮಕ್ಕಳು ಊರಲ್ಲಿರುವ ತಂದೆತಾಯಿಗೆ ಮನೆ ಹುಡುಕುತ್ತಿರುತ್ತಾರೆ. ರಜೆ ಹಾಕಿ, ರೈಲು ಹತ್ತಿ ಬರಬೇಕೋ ಬೇಡವೋ ಎಂಬುದನ್ನು ಅವರು ಫೋನಿನ ಪರದೆ ನೋಡಿಯೇ ತೀರ್ಮಾನಿಸುತ್ತಾರೆ. ಫೋಟೊ ಕೆಟ್ಟದಾಗಿದ್ದರೆ ಒಳ್ಳೆಯ ಮನೆ ಅವರ ಕೈ ತಪ್ಪುತ್ತದೆ. ಫೋಟೊ ಸುಳ್ಳು ಹೇಳಿದರೆ ಅವರ ದಿನವೂ ಹಣವೂ ಹಾಳು. ಎರಡೂ ಆಗಬಾರದು.

ಮೊದಲು ದೋಷದ ಜಾಗ ಗುರುತಿಸಿ

ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹೊರಗೆ ನೆರಳಿನಲ್ಲಿ ನಿಂತು ಯಾವುದಾದರೂ ಗೋಡೆಯ ಒಂದು ಫೋಟೊ ತೆಗೆಯಿರಿ. ಅದು ಸ್ವಚ್ಛವಾಗಿ, ಸರಿಯಾದ ಬಣ್ಣದಲ್ಲಿ ಬಂದರೆ ಫೋನ್ ಸರಿಯಾಗಿಯೇ ಇದೆ. ಅದೂ ಮಂಜು ಕವಿದಂತೆ ಬಂದರೆ ಲೆನ್ಸಿನ ಮೇಲಿನ ಗಾಜು ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಬೆವರಿದ ಕೈ, ದೂಳು, ತಲೆಗೆ ಹಚ್ಚಿದ ಎಣ್ಣೆ, ಎಲ್ಲವೂ ಸೇರಿ ಆ ಸಣ್ಣ ಗಾಜಿನ ಮೇಲೆ ಪದರ ಕಟ್ಟುತ್ತವೆ. ದೀಪದ ಸುತ್ತ ಗೆರೆ ಎಳೆದಂತೆ ಬೆಳಕು ಹರಡಿದ್ದರೆ ಇದೇ ಕಾರಣ. ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ ಮತ್ತೆ ತೆಗೆಯಿರಿ. ಅಂಗಿಯ ತುದಿಯಲ್ಲಿ ದೂಳಿದ್ದರೆ ಗಾಜಿಗೆ ಗೀರು ಬೀಳುತ್ತದೆ, ಅದರಿಂದ ಮಾತ್ರ ಉಜ್ಜಬೇಡಿ.

ಎರಡನೆಯ ಪರೀಕ್ಷೆ ಕೋಣೆಯೊಳಗೆ. ಒಂದೇ ಜಾಗದಲ್ಲಿ ನಿಂತು ದೀಪ ಆರಿಸಿ ಒಂದು, ದೀಪ ಹಾಕಿ ಒಂದು ತೆಗೆಯಿರಿ. ಎರಡರಲ್ಲಿ ಏನು ವ್ಯತ್ಯಾಸ ಬಂತು ಎಂಬುದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಮೂರನೆಯದು ತೀರಾ ಸುಲಭ. ನಿಮ್ಮ ಗ್ಯಾಲರಿಯಲ್ಲಿರುವ ಫೋಟೊವನ್ನೂ, ಅದೇ ಫೋಟೊ ಇನ್ನೊಬ್ಬರಿಗೆ ವಾಟ್ಸಾಪಿನಲ್ಲಿ ತಲುಪಿದ್ದನ್ನೂ ಅಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿ. ನಿಮ್ಮಲ್ಲಿ ಚೆನ್ನಾಗಿದ್ದು ಅವರಲ್ಲಿ ಕೆಟ್ಟಿದ್ದರೆ ದೋಷ ತೆಗೆದದ್ದರಲ್ಲಿ ಇಲ್ಲ, ಕಳಿಸಿದ್ದರಲ್ಲಿದೆ. ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ಕೋಣೆ ಕತ್ತಲೆ, ಕಿಟಕಿ ಮಾತ್ರ ಬೆಳ್ಳಗೆ

ಇದೇ ಎಲ್ಲಕ್ಕಿಂತ ಸಾಮಾನ್ಯ ದೋಷ. ಸ್ವಲ್ಪ ನಿಧಾನವಾಗಿಯೇ ನೋಡೋಣ.

ನಡುಬೇಸಿಗೆಯ ಮಧ್ಯಾಹ್ನ ನೇರ ಬಿಸಿಲಿನ ಬೆಳಕು ಸುಮಾರು 1 ಲಕ್ಷ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇರುತ್ತದೆ. ಅದೇ ಹೊತ್ತಿಗೆ ಒಂದು ಟ್ಯೂಬ್‌ಲೈಟ್ ಉರಿಯುತ್ತಿರುವ ಕೋಣೆಯಲ್ಲಿ ನೂರಿನ್ನೂರು ಲಕ್ಸ್ ಇರಬಹುದು. ಅಂದರೆ ನೂರಾರು ಪಟ್ಟು ವ್ಯತ್ಯಾಸ. ನಮ್ಮ ಕಣ್ಣು ಕಿಟಕಿ ನೋಡುವಾಗ ಒಂದು ರೀತಿ, ಮೂಲೆ ನೋಡುವಾಗ ಇನ್ನೊಂದು ರೀತಿ ಹೊಂದಿಕೊಳ್ಳುತ್ತದೆ. ಮಿದುಳು ಎರಡನ್ನೂ ಸೇರಿಸಿ ಒಂದೇ ಕೋಣೆಯಾಗಿ ತೋರಿಸುತ್ತದೆ. ಕ್ಯಾಮೆರಾಗೆ ಒಂದು ಕ್ಲಿಕ್ಕಿನಲ್ಲಿ ಒಂದೇ ಅಳತೆ. ಕಿಟಕಿಗೆ ತಕ್ಕಂತೆ ಅಳೆದರೆ ಕೋಣೆ ಕಪ್ಪು, ಕೋಣೆಗೆ ತಕ್ಕಂತೆ ಅಳೆದರೆ ಕಿಟಕಿ ಬೆಳ್ಳಗೆ.

ಪರೀಕ್ಷೆ ಹೀಗೆ. ಫೋನಿನ ಪರದೆಯ ಮೇಲೆ ಕಿಟಕಿ ಇರುವ ಜಾಗವನ್ನು ಬೆರಳಿನಿಂದ ಮುಟ್ಟಿ, ಆಮೇಲೆ ಕತ್ತಲೆ ಮೂಲೆಯನ್ನು ಮುಟ್ಟಿ. ಮುಟ್ಟಿದ ಹಾಗೆಲ್ಲ ಇಡೀ ಚಿತ್ರ ಕಪ್ಪಾಗುವುದು, ಬೆಳ್ಳಗಾಗುವುದು ನಡೆದರೆ ಕಾರಣ ಇದೇ. ಯಾವ ಕಡೆ ಮುಟ್ಟಿದರೂ ಕೋಣೆ ಮಂಕಾಗಿಯೇ ಇದ್ದರೆ ಕೋಣೆಗೆ ಬೆಳಕೇ ಸಾಲುತ್ತಿಲ್ಲ. ಇವೆರಡೂ ಬೇರೆ ಬೇರೆ ದೋಷ, ಪರಿಹಾರವೂ ಬೇರೆ.

ಮೊದಲನೆಯದ್ದಕ್ಕೆ ನೀವು ನಿಂತ ಜಾಗ ಬದಲಿಸುವುದೇ ಅರ್ಧ ಪರಿಹಾರ. ಕಿಟಕಿಗೆ ಎದುರಾಗಿ ನಿಲ್ಲಬೇಡಿ. ಕಿಟಕಿ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಬರುವಂತೆ ನಿಲ್ಲಿ. ಪಕ್ಕದಿಂದ ಬರುವ ಬೆಳಕಿನಲ್ಲಿ ಗೋಡೆ, ಬಾಗಿಲು, ಕಪಾಟು ಎಲ್ಲಕ್ಕೂ ಒಂದು ಆಕಾರ ಬರುತ್ತದೆ. ಕಿಟಕಿ ಫೋಟೊದಲ್ಲಿ ಬರಲೇಬೇಕು ಅಂದರೆ ಆ ಕಿಟಕಿಯ ಮೇಲೆ ನೇರ ಬಿಸಿಲು ಬೀಳದ ಹೊತ್ತು ಆರಿಸಿ. ಪೂರ್ವದ ಕೋಣೆಗೆ ಮಧ್ಯಾಹ್ನದ ಮೇಲೆ, ಪಶ್ಚಿಮದ ಕೋಣೆಗೆ ಬೆಳಿಗ್ಗೆ. ಫೋನಿನ ಎಚ್‌ಡಿಆರ್ ಚಾಲೂ ಇರಲಿ. ಅದು ಬೇರೆ ಬೇರೆ ಅಳತೆಯ ಹಲವು ಚಿತ್ರ ತೆಗೆದು ಒಂದಾಗಿಸುತ್ತದೆ, ಹಾಗಾಗಿ ಆ ಕ್ಷಣ ಕೈ ಅಲುಗಬಾರದು. ಇಷ್ಟಾದ ಮೇಲೂ ಕಿಟಕಿ ಸ್ವಲ್ಪ ಬೆಳ್ಳಗೆ ಉಳಿದರೆ ಬಿಟ್ಟುಬಿಡಿ. ಕೊಳ್ಳುವವರು ನೋಡುವುದು ಕೋಣೆಯನ್ನು. ಕಿಟಕಿಯಾಚೆ ಪಕ್ಕದ ಮನೆಯ ಗೋಡೆಯಿದ್ದರೆ ಅದನ್ನು ತೋರಿಸಲು ಇಷ್ಟು ಕಷ್ಟಪಡಬೇಕಿಲ್ಲ ಅಲ್ವಾ?

ಫ್ಲ್ಯಾಶ್ ಹಾಕಬೇಡಿ. ಫೋನಿನ ಫ್ಲ್ಯಾಶ್ ಕೆಲವು ಅಡಿ ದೂರ ಮಾತ್ರ ಮುಟ್ಟುತ್ತದೆ. ಹತ್ತಿರದ ಸೋಫಾ ಬೆಳಗುತ್ತದೆ, ಹಿಂದಿನ ಗೋಡೆ ಇನ್ನೂ ಕಪ್ಪಾಗುತ್ತದೆ, ಟೈಲ್ಸ್ ಮತ್ತು ಕಪಾಟಿನ ಗಾಜಿನ ಮೇಲೆ ಬಿಳಿ ಚುಕ್ಕೆ ಹೊಡೆಯುತ್ತದೆ.

ಎರಡನೆಯ ದೋಷ, ಅಂದರೆ ಬೆಳಕೇ ಸಾಲದಿರುವುದು, ನಮ್ಮ ಊರಿನ ಮನೆಗಳಲ್ಲಿ ಜಾಸ್ತಿ. ಬಿಸಿಲು ಒಳಗೆ ಬಾರದಿರಲಿ ಅಂತಲೇ ನಮ್ಮ ಮನೆಗಳನ್ನು ಕಟ್ಟಿರುತ್ತಾರೆ. ಸಣ್ಣ ಕಿಟಕಿ, ಅದರ ಮೇಲೆ ಅಗಲವಾದ ಛಜ್ಜಾ, ಗ್ರಿಲ್, ಸೊಳ್ಳೆ ಜಾಲರಿ, ಹಸಿರು ಇಲ್ಲವೇ ನೀಲಿ ಗಾಜು. ಒಂದೊಂದೂ ಸ್ವಲ್ಪ ಸ್ವಲ್ಪ ಬೆಳಕು ತಡೆಯುತ್ತದೆ. ಮಾರ್ಚ್ ಬಂತೆಂದರೆ ಅದರ ಜೊತೆಗೆ ಕೂಲರ್. ಹಾಲಿನ ದೊಡ್ಡ ಕಿಟಕಿಗೇ ಕೂಲರ್ ಕೂರಿಸಿ, ಸುತ್ತ ಪ್ಲೈವುಡ್ಡೋ ರಟ್ಟೋ ಬಡಿದಿರುತ್ತಾರೆ. ಮನೆಯ ಮುಖ್ಯ ಬೆಳಕು ಅಲ್ಲಿಗೆ ನಿಂತಿತು. "ಹಾಲ್ ಕತ್ತಲೆ" ಎಂಬ ದೂರು ಏಪ್ರಿಲ್, ಮೇನಲ್ಲಿ ಬಂದರೆ ಮೊದಲು ಕೂಲರ್ ಎಲ್ಲಿದೆ ಎಂದು ಕೇಳಿ. ಒಂದು ತಾಸು ಅದನ್ನು ಇಳಿಸಿ, ರಟ್ಟು ತೆಗೆದು, ಕಿಟಕಿಯ ಬಾಗಿಲು ಪೂರ್ತಿ ತೆರೆದು ಫೋಟೊ ತೆಗೆಯಿರಿ. ಜಾಲರಿ ಸರಿಸಲು ಬರುವಂತಿದ್ದರೆ ಅದನ್ನೂ ಸರಿಸಿ. ವ್ಯತ್ಯಾಸ ನಿಮಗೇ ಕಾಣುತ್ತದೆ.

ಇನ್ನೊಂದು ಕಾರಣ ನೆಲದಲ್ಲಿದೆ, ಅದನ್ನು ಬಹಳ ಜನ ಗಮನಿಸುವುದೇ ಇಲ್ಲ. ಹಳೇ ಮನೆಗಳಲ್ಲಿ ಶಹಾಬಾದ್ ಪರಸಿ ಕಲ್ಲಿನ ನೆಲ. ಬೂದು ಬಣ್ಣದ ಈ ಸುಣ್ಣದಕಲ್ಲು ಬೆಳಕನ್ನು ಹೀರಿಕೊಳ್ಳುತ್ತದೆ. ಬಿಳಿ ಟೈಲ್ಸ್ ಇರುವ ಕೋಣೆಯಲ್ಲಿ ನೆಲಕ್ಕೆ ಬಿದ್ದ ಬೆಳಕು ಛತ್ತಿಗೆ ಹಾರಿ, ಅಲ್ಲಿಂದ ಮೂಲೆಮೂಲೆಗೂ ಹೋಗುತ್ತದೆ. ಪರಸಿ ನೆಲದಲ್ಲಿ ಹೆಚ್ಚಿನ ಬೆಳಕು ನೆಲದಲ್ಲೇ ಮುಗಿಯುತ್ತದೆ. ಕಿಟಕಿ ದೊಡ್ಡದಿದ್ದರೂ ಪಡಸಾಲೆ ಮಂಕಾಗಿ ಬರುವುದು ಇದಕ್ಕೇ.

ಇದನ್ನು ಖಚಿತಪಡಿಸಿಕೊಳ್ಳಲು ಒಂದು ಬಿಳಿ ಬೆಡ್‌ಶೀಟ್ ಸಾಕು. ಕಿಟಕಿಯಿಂದ ಬಿಸಿಲು ಬೀಳುವ ಜಾಗದಲ್ಲಿ ಹಾಸಿ ಛತ್ತಿನ ಕಡೆ ನೋಡಿ. ಛತ್ತು ತಟ್ಟನೆ ಬೆಳಗಿದರೆ ದೋಷ ನೆಲದ ಬಣ್ಣದ್ದು. ಆ ಶೀಟನ್ನು ಚೌಕಟ್ಟಿನ ಹೊರಗೆ, ಅಂದರೆ ಫೋಟೊದಲ್ಲಿ ಕಾಣದ ಹಾಗೆ, ಬಿಸಿಲಿನಲ್ಲೇ ಹಾಸಿಟ್ಟು ಫೋಟೊ ತೆಗೆಯಿರಿ. ಬಾಗಿಲ ಹೊರಗಿನ ಅಂಗಳದಲ್ಲಿ ಬಿಸಿಲಿದ್ದರೆ ಅಲ್ಲಿ ಹಾಸಿದರೂ ಒಳಗೆ ಬೆಳಕು ಬರುತ್ತದೆ. ಖರ್ಚಿಲ್ಲದ ಈ ಉಪಾಯದ ಮೇಲೆ ನನಗೆ ತುಂಬ ನಂಬಿಕೆ.

ಪರಸಿ ನೆಲವನ್ನು ಒರೆಸಿದ ತಕ್ಷಣ ತೆಗೆಯಬೇಡಿ. ಒದ್ದೆ ಕಲ್ಲು ಇನ್ನೂ ಕಪ್ಪಾಗುತ್ತದೆ, ಅಲ್ಲಲ್ಲಿ ಒಣಗಿ ಕಲೆಯಂತೆ ಕಾಣುತ್ತದೆ. ಪೂರ್ತಿ ಒಣಗಲು ಬಿಡಿ. ಹಾಗೇ, ಈ ನೆಲವನ್ನು ಜಮಖಾನ ಹಾಸಿ ಮುಚ್ಚಬೇಡಿ. ಕಲಬುರಗಿಯ ಬೇಸಿಗೆಯಲ್ಲಿ ಬರಿಗಾಲಿಗೆ ತಂಪು ಕೊಡುವ ನೆಲ ಇದು. ಅದರ ಬೆಲೆ ಗೊತ್ತಿರುವವರು ಫೋಟೊದಲ್ಲಿ ಅದನ್ನೇ ಹುಡುಕುತ್ತಾರೆ. ಕಿಟಕಿಯ ಬೆಳಕು ಓರೆಯಾಗಿ ಬೀಳುವಾಗ, ಫೋನನ್ನು ಸ್ವಲ್ಪ ಕೆಳಗೆ ಹಿಡಿದು ನೆಲದ್ದೇ ಒಂದು ಬೇರೆ ಫೋಟೊ ತೆಗೆಯಿರಿ. ಕಲ್ಲಿನ ಮೈ, ಸಂದು, ಸವೆತ ಎಲ್ಲ ಕಾಣುತ್ತದೆ.

ಮನೆಯ ಮುಂಭಾಗ ನೆರಳಲ್ಲಿ, ಆಕಾಶ ಬಿಳಿ

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ? ವಾಸ್ತು ನೋಡುವವರು ಇದನ್ನು ಹೇಗೂ ಕೇಳುತ್ತಾರೆ. ಫೋಟೊಗೂ ಅದೇ ಉತ್ತರ ಬೇಕು. ಗೊತ್ತಿಲ್ಲದಿದ್ದರೆ ಫೋನಿನ ದಿಕ್ಸೂಚಿ ನೋಡಿ.

ಪೂರ್ವದ ಮನೆಗೆ ಬೆಳಿಗ್ಗೆ ಒಂಬತ್ತರ ಒಳಗೆ. ಪಶ್ಚಿಮದ ಮನೆಗೆ ಸಂಜೆ ನಾಲ್ಕರ ಮೇಲೆ. ದಕ್ಷಿಣದ ಮನೆಗೆ ಚಳಿಗಾಲದಲ್ಲಿ ಹೆಚ್ಚುಕಡಿಮೆ ದಿನವಿಡೀ ಬಿಸಿಲು ಸಿಗುತ್ತದೆ, ಹಾಗಾಗಿ ಅದರ ಫೋಟೊ ತೆಗೆಯಲು ನವೆಂಬರಿನಿಂದ ಜನವರಿ ಒಳ್ಳೆಯ ಕಾಲ.

ಕಷ್ಟ ಕೊಡುವುದು ಉತ್ತರದ ಮನೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ಸೂರ್ಯ ದಕ್ಷಿಣದ ಕಡೆಗೇ ಇರುತ್ತಾನೆ. ಆ ಆರು ತಿಂಗಳು ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಎಷ್ಟು ಹೊತ್ತು ಕಾದರೂ ಪ್ರಯೋಜನವಿಲ್ಲ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 10ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ಉತ್ತರಕ್ಕೆ ದಾಟುತ್ತಾನೆ. ಆಗಸ್ಟ್ ಮೊದಲ ವಾರ ವಾಪಸ್ ಬರುತ್ತಾನೆ. ಬೀದರ್, ಯಾದಗಿರಿಯಲ್ಲಿ ಎರಡು ಮೂರು ದಿನ ಆಚೀಚೆ ಅಷ್ಟೆ. ಈ ನಡುವಿನ ಕಾಲದಲ್ಲಿ ಉತ್ತರದ ಗೋಡೆಗೂ ಬಿಸಿಲು ಬರುತ್ತದೆ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಓರೆಯಾಗಿ ಚೆನ್ನಾಗಿ ಬೀಳುತ್ತದೆ. ಉಳಿದ ಕಾಲದಲ್ಲಿ ಮಾರಬೇಕಾದರೆ? ಮೋಡ ಕವಿದ ದಿನ ತೆಗೆಯಿರಿ. ಮೋಡದ ದಿನ ಗೋಡೆಗೂ ಆಕಾಶಕ್ಕೂ ಬೆಳಕಿನ ಅಂತರ ಕಡಿಮೆ, ನೆರಳಿನ ಕಪ್ಪು ಇರುವುದಿಲ್ಲ. ಇಲ್ಲವೇ ಮುಸ್ಸಂಜೆ ಹಿಡಿಯಿರಿ.

ಮುಸ್ಸಂಜೆಯ ಉಪಾಯ ಎಲ್ಲ ದಿಕ್ಕಿಗೂ ನಡೆಯುತ್ತದೆ. ಸೂರ್ಯ ಮುಳುಗಿ ಹತ್ತು ನಿಮಿಷವಾದ ಮೇಲೆ ಇನ್ನೊಂದು ಹತ್ತು ನಿಮಿಷ ಆಕಾಶ ಗಾಢ ನೀಲಿಯಾಗಿರುತ್ತದೆ. ಮನೆಯ ಎಲ್ಲ ದೀಪ ಹಾಕಿ. ಒಳಗಿನ ಬೆಳಕೂ ಹೊರಗಿನ ಬೆಳಕೂ ಆ ಹೊತ್ತಿಗೆ ಸರಿಸಮ ಆಗುತ್ತವೆ. ನಮ್ಮಲ್ಲಿ ಸೂರ್ಯ ಮುಳುಗುವುದು ಡಿಸೆಂಬರ್ ಆರಂಭದಲ್ಲಿ 5:45ರ ಸುಮಾರಿಗೆ, ಜೂನ್ ಕೊನೆಯಲ್ಲಿ 7ರ ಸುಮಾರಿಗೆ. ಅರ್ಧ ತಾಸು ಮೊದಲೇ ಹೋಗಿ ಜಾಗ ನೋಡಿಕೊಂಡು ನಿಲ್ಲಿ. ಕರೆಂಟ್ ಹೋಗುವ ಹೊತ್ತೇ ಎಂದು ಮನೆಯವರನ್ನು ಮೊದಲೇ ಕೇಳಿರಿ.

ನಡುಮಧ್ಯಾಹ್ನ ಮಾತ್ರ ಬೇಡ. ಅಂದಹಾಗೆ ನಮ್ಮ ಊರಿನಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಗಡಿಯಾರದ 12ಕ್ಕಲ್ಲ, ಸುಮಾರು 12:20ಕ್ಕೆ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ. 11ರಿಂದ 3ರವರೆಗೆ ಬಾಲ್ಕನಿಯ ನೆರಳು ನೇರ ಬಾಗಿಲ ಮೇಲೆ ಬಿದ್ದು ಮನೆಯ ಮುಖವೇ ಕಾಣುವುದಿಲ್ಲ. ಏಪ್ರಿಲ್, ಮೇನಲ್ಲಿ ದೂಳಿನಿಂದ ಆಕಾಶವೂ ಬೆಳ್ಳಗೆ. ಆ ಕಾಲದಲ್ಲಿ ತೆಗೆಯಲೇಬೇಕಾದರೆ ಚೌಕಟ್ಟಿನಲ್ಲಿ ಆಕಾಶ ಕಡಿಮೆ ಮಾಡಿ. ಮಳೆ ಮುಗಿದ ಮೇಲಿನ ಅಕ್ಟೋಬರ್, ನವೆಂಬರಿನ ಆಕಾಶದಷ್ಟು ತಿಳಿ ಬೇರೆ ಯಾವಾಗಲೂ ಸಿಗುವುದಿಲ್ಲ.

ಹಳೇ ಓಣಿಗಳಲ್ಲಿ ಇನ್ನೊಂದು ತೊಂದರೆ. ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಫೋನ್ ಮೇಲಕ್ಕೆತ್ತಿ ತೆಗೆದರೆ ಮನೆ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಎದುರು ಮನೆಯವರನ್ನು ಕೇಳಿ ಅವರ ಮಾಳಿಗೆ ಹತ್ತಿ. ನಮ್ಮ ಜನ ಇಲ್ಲ ಅನ್ನುವುದಿಲ್ಲ, ಚಹಾ ಕುಡಿದು ಹೋಗಿ ಅಂತಲೇ ಹೇಳುತ್ತಾರೆ. ಅಲ್ಲಿಂದ ಮನೆಯ ಮಧ್ಯಭಾಗ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಗೋಡೆ ನೇರ ನಿಲ್ಲುತ್ತದೆ.

ಗೋಡೆ ವಾಲಿದೆ, ಕೋಣೆ ಹಿಗ್ಗಿದೆ

ಬಾಗಿಲು, ಕಪಾಟು, ಕಂಬ ಮೇಲಕ್ಕೆ ಹೋಗುತ್ತಾ ಒಂದರ ಕಡೆ ಒಂದು ವಾಲಿದಂತೆ ಕಂಡರೆ ಫೋನನ್ನು ಮೇಲ್ಮುಖವಾಗಿ ಬಾಗಿಸಿದ್ದೀರಿ. ಕೆಳಮುಖವಾಗಿ ಬಾಗಿಸಿದರೆ ಗೋಡೆ ಮೇಲಕ್ಕೆ ಅಗಲವಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಗೆರೆ ಚಾಲೂ ಮಾಡಿ, ಬಾಗಿಲ ಚೌಕಟ್ಟನ್ನು ಆ ಗೆರೆಗೆ ಹೊಂದಿಸಿ. ಫೋನ್ ನೆಟ್ಟಗೆ, ಎದೆಯ ಎತ್ತರದಲ್ಲಿ ಇರಲಿ. ಅಡುಗೆಮನೆಯಲ್ಲಿ ಮಾತ್ರ ಕಟ್ಟೆಯ ಮೇಲ್ಭಾಗ ಸ್ವಲ್ಪ ಕಾಣುವಷ್ಟು ಎತ್ತರ ಬೇಕು, ಇಲ್ಲದಿದ್ದರೆ ಕಟ್ಟೆಯ ಕಲ್ಲು ಬರೀ ಒಂದು ಗೆರೆಯಾಗುತ್ತದೆ.

ಹಿಗ್ಗುವಿಕೆ ಇದಕ್ಕಿಂತ ಗಂಭೀರ. ಫೋನಿನಲ್ಲಿ 0.5 ಎಂದು ತೋರಿಸುವ ಅಲ್ಟ್ರಾವೈಡ್ ಲೆನ್ಸ್ ಹಳೇ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಹೆಚ್ಚಾಗಿ 13 ಮಿ.ಮೀ. ಆಸುಪಾಸಿನದ್ದು. 1 ಎಂದು ತೋರಿಸುವ ಮುಖ್ಯ ಲೆನ್ಸ್ ಸುಮಾರು 24ರಿಂದ 26 ಮಿ.ಮೀ. ಈ ಅಂಕೆ ಸಣ್ಣದಾದಷ್ಟೂ ಫೋಟೊದಲ್ಲಿ ಹೆಚ್ಚು ಅಗಲದ ನೋಟ ಬರುತ್ತದೆ. 0.5ರಲ್ಲಿ ಹತ್ತಡಿ ಕೋಣೆ ಮದುವೆ ಹಾಲಿನಂತೆ ಕಾಣುತ್ತದೆ. ಪರೀಕ್ಷೆ ಬೇಕಾದರೆ ಒಂದು ದುಂಡನೆಯ ಕೊಡವನ್ನು ಫೋಟೊದ ಅಂಚಿನಲ್ಲಿ ಬರುವಂತೆ ಇಡಿ. ಕೊಡ ಉದ್ದಕ್ಕೆ ಎಳೆದಂತೆ ಕಂಡರೆ ಅಂಚಿನಲ್ಲಿರುವ ಮಂಚ, ಸೋಫಾ, ಗೋಡೆಗೂ ಅದೇ ಆಗಿದೆ.

ಇದನ್ನು ಬೇಕೆಂದೇ ಮಾಡುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಬಂದು ನೋಡಿದವರಿಗೆ ಬಾಗಿಲಲ್ಲೇ ಮೋಸ ಹೋದಂತೆ ಅನಿಸುತ್ತದೆ, ಆಮೇಲೆ ಮನೆಯ ಒಳ್ಳೆಯ ಗುಣ ಯಾವುದೂ ಅವರ ಕಣ್ಣಿಗೆ ಬೀಳುವುದಿಲ್ಲ. 1ರ ಲೆನ್ಸಿನಲ್ಲೇ, ಬಾಗಿಲ ಹೊರಗೆ ಹಿಂದೆ ಸರಿದು ನಿಂತು, ಒಂದು ಮೂಲೆಯಿಂದ ಎದುರು ಮೂಲೆಗೆ ತೆಗೆಯಿರಿ. ಆಮೇಲೆ ಎದುರಿನಿಂದ ಇನ್ನೊಂದು. ಎರಡು ಫೋಟೊ ಸೇರಿ ಇಡೀ ಕೋಣೆ ಹೇಳುತ್ತವೆ. ಬಚ್ಚಲುಮನೆಯಂಥ ಇಕ್ಕಟ್ಟಿನಲ್ಲಿ ಬೇರೆ ದಾರಿಯೇ ಇಲ್ಲದಾಗ 0.5 ಬಳಸಿ. ಕೋಣೆಯ ಉದ್ದ ಅಗಲವನ್ನು ಟೇಪ್ ಹಿಡಿದು ಅಳೆದು ಫೋಟೊದ ಕೆಳಗೆ ಬರೆಯಿರಿ.

ಬಣ್ಣ ಸರಿಯಿಲ್ಲ

ಒಂದು ಬಿಳಿ ಹಾಳೆ ತಗೊಂಡು ಕೋಣೆಯ ಮಧ್ಯ ಇಟ್ಟು ಫೋಟೊ ತೆಗೆಯಿರಿ. ಎಲ್ಲ ಉತ್ತರ ಆ ಹಾಳೆಯಲ್ಲಿದೆ.

ಹಾಳೆಯ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ ಇದ್ದರೆ ಎರಡು ಜಾತಿಯ ಬೆಳಕು ಬೆರೆತಿದೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅಂಕೆ ಹೆಚ್ಚಾದಷ್ಟೂ ನೀಲಿ, ಕಡಿಮೆಯಾದಷ್ಟೂ ಹಳದಿ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಬಿಳಿ ಎಲ್‌ಇಡಿ ಟ್ಯೂಬ್ 6500 ಕೆಲ್ವಿನ್, ಛತ್ತಿನ ಹಳದಿ ದೀಪ 3000 ಕೆಲ್ವಿನ್. ಫೋನ್ ಇವುಗಳಲ್ಲಿ ಒಂದನ್ನೇ ಬಿಳಿ ಎಂದು ಹಿಡಿಯಬಲ್ಲದು. ಹಗಲಿನಲ್ಲಿ ಎಲ್ಲ ದೀಪ ಆರಿಸಿ ಕಿಟಕಿಯ ಬೆಳಕಿನಲ್ಲೇ ತೆಗೆಯಿರಿ. ರಾತ್ರಿಯಾದರೆ ಒಂದೇ ಬಣ್ಣದ ದೀಪಗಳನ್ನು ಮಾತ್ರ ಹಾಕಿ. ಹಾಳೆ ಪೂರ್ತಿ ಹಸಿರಾಗಿದ್ದರೆ ಕಿಟಕಿಯ ಬಣ್ಣದ ಗಾಜು ಕಾರಣ, ಬಾಗಿಲು ತೆರೆದರೆ ಸಾಕು. ಗೋಡೆಗೆ ಹತ್ತಿರ ಹಿಡಿದಾಗ ಮಾತ್ರ ಹಾಳೆ ಗುಲಾಬಿಯೋ ಗಿಳಿಹಸಿರೋ ಆದರೆ ಗೋಡೆಯ ಬಣ್ಣವೇ ಕೋಣೆಯೊಳಗೆ ಹರಡಿದೆ. ನಮ್ಮ ಜನರಿಗೆ ಗಾಢ ಬಣ್ಣ ಇಷ್ಟ, ಅದು ಮನೆಯ ನಿಜವಾದ ಬಣ್ಣ. ಹಾಳೆ ಬಿಳಿಯಾಗುವಷ್ಟು ಮಾತ್ರ ತಿದ್ದಿ, ಗೋಡೆಯನ್ನು ಹಾಗೇ ಬಿಡಿ. ಕೆಂಪು ಪರದೆ ಮುಚ್ಚಿ ತೆಗೆದರೆ ಇಡೀ ಕೋಣೆ ಕೆಂಪಾಗುತ್ತದೆ ಎಂಬುದನ್ನೂ ನೆನಪಿಡಿ.

ಬೀದರಿನಲ್ಲಿ ಇದರ ಉಲ್ಟಾ ಆಗುತ್ತದೆ. ಅಲ್ಲಿ ನೆಲವೂ ಕೆಂಪು, ಹಳೇ ಗೋಡೆಯ ಜಂಬಿಟ್ಟಿಗೆಯೂ ಕೆಂಪು. ಬೀದರ್ ಕೋಟೆಯ ಗೋಡೆಗಳನ್ನು ನೋಡಿದವರಿಗೆ ಆ ಬಣ್ಣ ಗೊತ್ತಿರುತ್ತದೆ. ಚೌಕಟ್ಟಿನ ತುಂಬ ಕೆಂಪೇ ಇದ್ದಾಗ ಫೋನ್ ಅದನ್ನು ತಪ್ಪು ಎಂದುಕೊಂಡು ನೀಲಿ ಸೇರಿಸಿ ತಗ್ಗಿಸುತ್ತದೆ. ಕಲ್ಲು ಜೀವವಿಲ್ಲದ ಕಂದು ಆಗುತ್ತದೆ. ಕ್ಯಾಮೆರಾದಲ್ಲಿ ಪ್ರೊ ಮೋಡ್ (ಅಳತೆಗಳನ್ನು ನಾವೇ ಹೊಂದಿಸುವ ಆಯ್ಕೆ) ಇದ್ದರೆ ವೈಟ್ ಬ್ಯಾಲೆನ್ಸನ್ನು (ಯಾವ ಬೆಳಕನ್ನು ಬಿಳಿ ಎಂದು ಹಿಡಿಯಬೇಕು ಎಂಬುದನ್ನು) ಹಗಲು ಬೆಳಕಿಗೆ, ಅಂದರೆ 5500ರ ಹತ್ತಿರ ನಿಲ್ಲಿಸಿ. ಅಂಥ ಮನೆಗೆ ಆ ಕೆಂಪೇ ಹೆಮ್ಮೆ, ಅದು ಫೋಟೊದಲ್ಲಿ ಉಳಿಯಬೇಕು.

ಪಟ್ಟೆ ಮತ್ತು ಮಸುಕು

ಚಿತ್ರದಲ್ಲಿ ಕಪ್ಪು ಪಟ್ಟೆ ಬಂದರೆ ದೀಪ ಆರಿಸಿ ನೋಡಿ. ಪಟ್ಟೆ ಹೋದರೆ ಫೋನ್ ಕೆಟ್ಟಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಎಲ್‌ಇಡಿ ಅದರಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಪ್ರೊ ಮೋಡಿನಲ್ಲಿ ಶಟರ್ ವೇಗವನ್ನು (ಒಂದು ಚಿತ್ರಕ್ಕೆ ಬೆಳಕು ಒಳಬಿಡುವ ಸಮಯ) 1/100 ಅಥವಾ 1/50 ಸೆಕೆಂಡಿಗೆ ಇಟ್ಟರೆ ಪಟ್ಟೆ ನಿಲ್ಲುತ್ತದೆ.

ಮಸುಕಿಗೆ ಎಲ್ಲಿ ಮಸುಕು ಎಂದು ನೋಡಬೇಕು. ಇಡೀ ಚಿತ್ರ ಒಂದೇ ಕಡೆಗೆ ಜಾರಿದಂತಿದ್ದರೆ ಕೈ ಅಲುಗಿದೆ. ಟ್ರೈಪಾಡ್ ಇಲ್ಲದಿದ್ದರೆ ಫೋನನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು, ಮೂರು ಸೆಕೆಂಡಿನ ಟೈಮರ್ ಹಾಕಿ. ಫ್ಯಾನ್, ಪರದೆ ಮಾತ್ರ ಮಸುಕಾಗಿದ್ದರೆ ಫ್ಯಾನ್ ಬಂದ್ ಮಾಡಿ, ನಿಂತ ಮೇಲೆ ತೆಗೆಯಿರಿ.

ಫೋಟೊದ ದೋಷವಲ್ಲ, ಮನೆಯ ದೋಷ

ಕೆಲವೊಮ್ಮೆ ಎಲ್ಲ ಸರಿಮಾಡಿದ ಮೇಲೆ ಗೋಡೆಯಲ್ಲಿ ಓರೆ ಬಿರುಕು ಸ್ಪಷ್ಟವಾಗಿ ಕಾಣುತ್ತದೆ. ಕಲಬುರಗಿ, ಯಾದಗಿರಿಯ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಾಯ ಸಾಕಷ್ಟು ಆಳವಿಲ್ಲದಿದ್ದರೆ ಗೋಡೆ ಬಿರುಕು ಬಿಡುತ್ತದೆ. ಇದನ್ನು ಎಡಿಟ್ ಮಾಡಿ ಅಳಿಸಿ ಎಂದು ಕೇಳುವವರಿಗೆ ನಾನು ಇಲ್ಲ ಎಂದೇ ಹೇಳುತ್ತೇನೆ. ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯವಾಗಿ ನೋಡಿದರೆ ತಿಳಿಯದ ಮುಖ್ಯ ದೋಷವನ್ನು ಮಾರುವವರು ತಾವಾಗಿ ತಿಳಿಸಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಬಿಲ್ಡರುಗಳ ಜಾಹೀರಾತಿನಲ್ಲಿ ಸುಳ್ಳಿದ್ದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಸೆಕ್ಷನ್ ಇದೆ.

ಕಾಯ್ದೆ ಬದಿಗಿರಲಿ. ಮಗಳ ಓದಿಗೋ ಮದುವೆಗೋ ಕೂಡಿಟ್ಟ ಹಣ ತಂದು ಮನೆ ಕೊಳ್ಳುವವರು ಆ ಬಿರುಕನ್ನು ನೋಡಿಯೇ ಕೊಳ್ಳಬೇಕು. ಬಿರುಕಿನದ್ದು, ಮಳೆಗಾಲದ ತೇವದ ಕಲೆಯದ್ದು ಹತ್ತಿರದಿಂದ ಒಂದೊಂದು ಸ್ಪಷ್ಟ ಫೋಟೊ ತೆಗೆದು, ದುರಸ್ತಿಯಾಗಿದ್ದರೆ ಅದನ್ನೂ ಬರೆದು ಜೊತೆಗೆ ಇಡಿ. ಎದುರಿನ ಟ್ರಾನ್ಸ್‌ಫಾರ್ಮರ್, ಮೇಲೆ ಹಾದ ವೈರು ಕೂಡ ಹಾಗೇ ಇರಲಿ. ನಿಂತ ಬೈಕು, ಒಣಹಾಕಿದ ಬಟ್ಟೆ, ಖಾಲಿ ಸಿಲಿಂಡರ್ ಮಾತ್ರ ತೆಗೆದಿಡಿ. ನಾಳೆ ಮನೆ ಖಾಲಿಯಾದಾಗ ಹೊರಟುಹೋಗುವ ಯಾವುದನ್ನಾದರೂ ಸರಿಸಬಹುದು. ಮನೆಯ ಜೊತೆಗೇ ಉಳಿಯುವ ಯಾವುದನ್ನೂ ಅಳಿಸಬಾರದು.

ನನ್ನ ಫೋನಿನಲ್ಲಿ ಚೆನ್ನಾಗಿದೆ, ಅವರ ಫೋನಿನಲ್ಲಿ ಇಲ್ಲ

ವಾಟ್ಸಾಪ್ ಮಾಮೂಲಿಯಾಗಿ ಫೋಟೊದ ಗಾತ್ರ ಕುಗ್ಗಿಸಿ ಕಳಿಸುತ್ತದೆ. 12 ಮೆಗಾಪಿಕ್ಸೆಲ್ ಫೋಟೊ ಎಂದರೆ ಅಗಲ 4000, ಎತ್ತರ 3000 ಚುಕ್ಕೆ. ಕಳಿಸಿದ ಮೇಲೆ ಅದರಲ್ಲಿ ಸಣ್ಣ ಪಾಲು ಮಾತ್ರ ಉಳಿಯುತ್ತದೆ. ಮಾಲೀಕರು ಏಜೆಂಟರಿಗೆ, ಏಜೆಂಟರು ಇನ್ನೊಬ್ಬರಿಗೆ, ಅವರು ಗುಂಪಿಗೆ ಕಳಿಸುತ್ತಾರೆ. ನಡುವೆ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಮುಗಿಯಿತು, ಅದರಲ್ಲಿ ಬ್ಯಾಟರಿ ಗುರುತು, ಸಮಯ ಕೂಡ ಬಂದಿರುತ್ತದೆ.

2023ರಿಂದ ವಾಟ್ಸಾಪಿನಲ್ಲಿ ಎಚ್‌ಡಿ ಆಯ್ಕೆ ಇದೆ, ಕಳಿಸುವ ಮೊದಲು ಅದನ್ನು ಒತ್ತಿ. ಪೂರ್ತಿ ಮೂಲ ಫೋಟೊ ಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಆದರೆ ಡಾಕ್ಯುಮೆಂಟ್ ಆಗಿ ಹೋದ ಫೋಟೊದೊಳಗೆ ತೆಗೆದ ಜಾಗದ ಜಿಪಿಎಸ್ ಗುರುತೂ ಹೋಗಬಹುದು. ಮನೆಯವರು ಇನ್ನೂ ಅಲ್ಲೇ ವಾಸವಿದ್ದರೆ, ಅಪರಿಚಿತರ ಗುಂಪಿಗೆ ಅದು ಹೋಗುವುದು ಒಳ್ಳೆಯದಲ್ಲ. ತೆಗೆಯುವ ಮೊದಲೇ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಬಂದ್ ಮಾಡಿ.

ಕಳಿಸುವ ಮುಂಚೆ ಪ್ರತಿ ಫೋಟೊವನ್ನೂ ಬೆರಳಿನಿಂದ ದೊಡ್ಡದು ಮಾಡಿ ಅಂಚಿನಿಂದ ಅಂಚಿಗೆ ನೋಡಿ. ಕಪಾಟಿನ ಕನ್ನಡಿಯಲ್ಲಿ ನೀವು ನಿಂತಿದ್ದೀರಾ? ಗೋಡೆಯ ಮೇಲೆ ಮಕ್ಕಳ ಫೋಟೊ, ಶಾಲೆಯ ಗುರುತಿನ ಚೀಟಿ ಕಾಣುತ್ತದೆಯೇ? ಬಾಗಿಲಿನ ಹೆಸರಿನ ಫಲಕ, ಕರೆಂಟ್ ಮೀಟರಿನ ನಂಬರು, ಗಾಡಿಯ ನಂಬರು? ತಿಜೋರಿ ಯಾವ ಕೋಣೆಯಲ್ಲಿದೆ ಎಂದು ಗೊತ್ತಾಗುತ್ತದೆಯೇ? ಅಂಥದ್ದು ಕಂಡರೆ ಆ ವಸ್ತು ಸರಿಸಿ ಇನ್ನೊಮ್ಮೆ ತೆಗೆಯಿರಿ. ಸರಿಸಲು ಬಾರದ ನಂಬರು, ಹೆಸರನ್ನು ಮಾತ್ರ ಮಸುಕು ಮಾಡಿ. ಎಲ್ಲ ಫೋಟೊ ಅಡ್ಡಲಾಗಿಯೇ ಇರಲಿ. ಮೊದಲು ಮುಂಭಾಗ, ಆಮೇಲೆ ಹಾಲ್, ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಮಾಳಿಗೆ ಎಂದು ಮನೆಯೊಳಗೆ ನಡೆದುಹೋಗುವ ಕ್ರಮದಲ್ಲೇ ಜೋಡಿಸಿ ಕಳಿಸಿ.